ಲಂಡನ್‌ನಿಂದ ಪ್ಯಾರಿಸ್‌ಗೆ ರೈಲು: ಗಾಡಿಗಿಂತ ಮೊದಲು ಗೇಟಿನ ಮಾತು

ಪ್ರಶ್ನೆ: ಬರುವ ಬೇಸಿಗೆಯಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ಲಂಡನ್‌ಗೆ ಹೊರಟಿದ್ದೇವೆ. ಹೌನ್ಸ್‌ಲೋದಲ್ಲಿ ತಂಗಿಯ ಮನೆ ಇದೆ. ಅಲ್ಲಿಂದ ನಾಲ್ಕು ದಿನ ಪ್ಯಾರಿಸ್ ನೋಡಿಕೊಂಡು ಬರುವ ಯೋಚನೆ. ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದವರು. ಸಮುದ್ರದ ಅಡಿಯ ರೈಲಿನಲ್ಲೇ ಹೋಗಬೇಕು ಅನ್ನುತ್ತಾರೆ. ಅಮ್ಮನಿಗೆ ಸುರಂಗ ಅಂದರೆ ಭಯ, ಮೊಣಕಾಲು ನೋವು ಬೇರೆ. ಅವರು ಶುದ್ಧ ಸಸ್ಯಾಹಾರಿ. ವಿಮಾನ ಒಳ್ಳೆಯದೋ ರೈಲೋ? ಇಮಿಗ್ರೇಶನ್ ಎಲ್ಲಿ ಆಗುತ್ತದೆ? ಟಿಕೆಟ್ ಯಾವಾಗ ಮಾಡಿಸಬೇಕು? ಊಟದ ಗತಿ ಏನು?

ಉತ್ತರ: ರೈಲಿನಲ್ಲೇ ಹೋಗಿ, ಇದರಲ್ಲಿ ಅನುಮಾನವೇ ಬೇಡ. ಆ ರೈಲಿನ ಹೆಸರು ಯೂರೋಸ್ಟಾರ್. ತಂದೆಯವರ ಆಸೆ ಒಂದು ಕಾರಣ. ಆ ಆಸೆ ಇಲ್ಲದಿದ್ದರೂ, ತಾಯಿಯವರ ಮೊಣಕಾಲಿನ ಸಲುವಾಗಿಯಾದರೂ ನಾನು ಇದನ್ನೇ ಹೇಳುತ್ತಿದ್ದೆ. ಕನ್ನಡದ ಕುಟುಂಬಗಳಿಗೆ ಯುರೋಪ್ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಅಪ್ಪ-ಅಮ್ಮನನ್ನು ಕರೆತರುವ ಮಕ್ಕಳ ಜೊತೆ ಈ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಗಾಡಿಯೊಳಗೆ ಕೂತ ಮೇಲೆ ಯಾರೂ ಕಷ್ಟಪಟ್ಟದ್ದನ್ನು ನಾನು ಕಂಡಿಲ್ಲ. ಕಷ್ಟ ಬಂದದ್ದೆಲ್ಲ ಗಾಡಿ ಹತ್ತುವ ಮೊದಲು, ಲಂಡನ್ ಸ್ಟೇಷನ್ನಿನ ಗೇಟಿನಲ್ಲಿ, ಪಾಸ್‌ಪೋರ್ಟ್ ತೆರೆದಾಗ. ಸುರಂಗದ ಚಿಂತೆಯಲ್ಲಿ ಅರ್ಧವನ್ನು ಈಗಲೇ ಆ ಗೇಟಿಗೆ ಎತ್ತಿಡಿ.

ಮೊದಲು ವಿಮಾನದ ವಿಷಯ ಮುಗಿಸಿಬಿಡೋಣ. ಹೌನ್ಸ್‌ಲೋ ಹೀಥ್ರೂ ಪಕ್ಕದಲ್ಲೇ ಇದೆ, ಹಾರಾಟ ಒಂದೂಕಾಲು ಗಂಟೆ, ಅದೇ ಸಲೀಸು ಎಂದು ತಂಗಿ ಹೇಳಬಹುದು. ಆದರೆ ಎರಡು ಗಂಟೆ ಮೊದಲೇ ಹೋಗಿ ಕೂರಬೇಕು. ಆ ಕಡೆ ಚಾರ್ಲ್ಸ್ ದ ಗಾಲ್ ನಿಲ್ದಾಣದಲ್ಲಿ ನಡೆಯುವ ದೂರ ಹೆಚ್ಚು, ಅದರ ಮೇಲೆ ಇಮಿಗ್ರೇಶನ್ ಸಾಲು, ಆಮೇಲೆ ಊರೊಳಗೆ ಬರಲು ಇನ್ನೂ ಇಪ್ಪತ್ತೈದು ಕಿ.ಮೀ. ರೈಲು ಹಾಗಲ್ಲ. ಲಂಡನ್ನಿನ ನಡುವೆ ಇರುವ ಸೇಂಟ್ ಪ್ಯಾಂಕ್ರಸ್‌ನಲ್ಲಿ ಹತ್ತಿದರೆ ಪ್ಯಾರಿಸ್ ಊರೊಳಗಿನ ಗಾರ್ ದು ನೋರ್‌ನಲ್ಲಿ ಇಳಿಯುತ್ತೀರಿ. ದೂರ 492 ಕಿ.ಮೀ., ಹೊತ್ತು ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ. ತಂದೆಯವರಿಗೆ ಅರ್ಥವಾಗುವ ಅಳತೆಯಲ್ಲಿ ಹೇಳುವುದಾದರೆ, ಬೆಂಗಳೂರಿನಿಂದ ಧಾರವಾಡಕ್ಕೂ ರೈಲು ದಾರಿ ಹೆಚ್ಚುಕಡಿಮೆ ಇಷ್ಟೇ. ಅದನ್ನು ಕ್ರಮಿಸಲು ವಂದೇ ಭಾರತ್‌ಗೂ ಆರು ಗಂಟೆ ದಾಟುತ್ತದೆ. ಇನ್ನು ಹೌನ್ಸ್‌ಲೋದಿಂದ ಪಿಕಡಿಲಿ ಲೈನಿನ ಟ್ಯೂಬ್ ಹಿಡಿದರೆ ಗಾಡಿ ಬದಲಿಸದೆ ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಸ್ ತಲುಪುತ್ತೀರಿ.

ಈಗ ಗೇಟಿನ ಮಾತು. ಈ ಪ್ರಯಾಣದಲ್ಲಿ ದೇಶದ ಗಡಿ ಸಮುದ್ರದ ನಡುವೆ ಬರುವುದಿಲ್ಲ, ಪ್ಯಾರಿಸ್‌ನಲ್ಲೂ ಬರುವುದಿಲ್ಲ. ಅದು ಲಂಡನ್ ಸ್ಟೇಷನ್ನಿನೊಳಗೇ ಇದೆ. ಫ್ರಾನ್ಸಿನ ಗಡಿ ಪೊಲೀಸರು ಸೇಂಟ್ ಪ್ಯಾಂಕ್ರಸ್‌ನಲ್ಲಿ ಕೂತಿರುತ್ತಾರೆ, ಬ್ರಿಟನ್ನಿನ ಅಧಿಕಾರಿಗಳು ಗಾರ್ ದು ನೋರ್‌ನಲ್ಲಿ. ಸುರಂಗ ತೆರೆಯುವ ಮುಂಚೆಯೇ, 1991ರಲ್ಲಿ, ಎರಡು ದೇಶಗಳು ಮಾಡಿಕೊಂಡ ಸಾಂಗಾತ್ ಒಪ್ಪಂದ ಈ ಏರ್ಪಾಡಿನ ಬೇರು. ಇದರಿಂದ ದೊಡ್ಡ ಅನುಕೂಲ ಇದೆ. ಪ್ಯಾರಿಸ್‌ನಲ್ಲಿ ಇಳಿದವರು ಹುಬ್ಬಳ್ಳಿಯಲ್ಲಿ ಇಳಿದಂತೆ ಪ್ಲಾಟ್‌ಫಾರ್ಮಿನಿಂದ ನೇರ ಹೊರಗೆ ನಡೆದುಬಿಡಬಹುದು. ಆದರೆ ಕಾಗದಪತ್ರದಲ್ಲಿ ಏನಾದರೂ ಕೊರತೆ ಇದ್ದರೆ ಲಂಡನ್ನಿನಲ್ಲೇ ನಿಲ್ಲಿಸುತ್ತಾರೆ.

ಒಮ್ಮೆ ಮೈಸೂರಿನ ಹಿರಿಯ ದಂಪತಿಯ ಜೊತೆ ಆ ಸಾಲಿನಲ್ಲಿದ್ದೆ. ಅವರ ವೀಸಾ ಅರ್ಜಿ ತುಂಬಿಸಿದ್ದು ಬೇರೊಬ್ಬ ಏಜೆಂಟರು. ಗಾಜಿನ ಹಿಂದಿದ್ದ ಅಧಿಕಾರಿ ಮಾತಾಡದೆ ವೀಸಾ ಚೀಟಿಯ ಮೇಲೆ ಬೆರಳಿಟ್ಟು, ಪಾಸ್‌ಪೋರ್ಟನ್ನು ನಮ್ಮ ಕಡೆ ತಿರುಗಿಸಿದರು. ವೀಸಾ ಶುರುವಾಗುವ ದಿನ 12 ಎಂದಿತ್ತು. ಅಂದು 11ನೇ ತಾರೀಖು. ನಾನೂ ಮುಗಿಯುವ ತಾರೀಖನ್ನಷ್ಟೇ ನೋಡಿಕೊಂಡಿದ್ದೆ, ಶುರುವಾಗುವ ತಾರೀಖಿನ ಮೇಲೆ ಕಣ್ಣು ಹಾಯಿಸಿರಲಿಲ್ಲ. ಆ ಅಧಿಕಾರಿ ಗದರಿಸಲಿಲ್ಲ, ಕ್ಯಾಲೆಂಡರ್ ತೋರಿಸಿ ತಲೆಯಾಡಿಸಿದರು ಅಷ್ಟೇ. ಅಜ್ಜಿ ಸೀರೆ ಸೆರಗಿನಲ್ಲಿ ಮುಖ ಒರೆಸಿಕೊಂಡು 'ಬಿಡಪ್ಪ, ನಾಳೆ ಹೋದರಾಯ್ತು' ಅಂದದ್ದು ಇವತ್ತಿಗೂ ನೆನಪಿದೆ. ಮರುದಿನ ಹೊಸ ಟಿಕೆಟ್ ಕೊಂಡು ಹೋದೆವು. ಅಂದಿನಿಂದ ವೀಸಾ ಬಂದ ದಿನವೇ ಅದರ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ. ನೀವೂ ಓದಿ. ಫ್ರಾನ್ಸ್ ಕೊಟ್ಟ ವೀಸಾದ ಮೇಲೆ ಫ್ರೆಂಚಿನಲ್ಲಿ 'ದ್ಯು' ಎಂದು ಬರೆದಿರುತ್ತದೆ, ಅಂದರೆ ಈ ದಿನದಿಂದ. 'ಓ' ಅಂದರೆ ಈ ದಿನದವರೆಗೆ. ಎಷ್ಟು ಸಲ ಒಳಗೆ ಬರಬಹುದು, ಒಟ್ಟು ಎಷ್ಟು ದಿನ ಇರಬಹುದು ಎಂಬುದೂ ಅಲ್ಲೇ ಇರುತ್ತದೆ.

ಬ್ರಿಟನ್ ವೀಸಾ ಇದ್ದರೆ ಪ್ಯಾರಿಸ್‌ಗೆ ಹೋಗಬಹುದು ಎಂಬ ತಿಳಿವಳಿಕೆ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಭಾರತದ ಪಾಸ್‌ಪೋರ್ಟಿಗೆ ಎರಡೂ ಬೇರೆ ಬೇರೆ ಬೇಕು: ಲಂಡನ್‌ಗೆ ಬ್ರಿಟನ್ ವೀಸಾ, ಪ್ಯಾರಿಸ್‌ಗೆ ಷೆಂಗೆನ್ ವೀಸಾ (ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ). ಇನ್ನೂ ಮುಖ್ಯವಾದದ್ದು, ಷೆಂಗೆನ್ ವೀಸಾವನ್ನು ಬೆಂಗಳೂರಿನಲ್ಲೇ ಮಾಡಿಸಿಕೊಳ್ಳಬೇಕು. 'ಲಂಡನ್‌ಗೆ ಹೋಗಿ ಅಲ್ಲಿ ಹಾಕಿದರಾಯ್ತು' ಅಂದುಕೊಂಡರೆ ಕೆಟ್ಟಿತು. ತಾವು ವಾಸವಾಗಿರುವ ದೇಶದಲ್ಲೇ ಅರ್ಜಿ ಹಾಕುವುದು ನಿಯಮ. ಅಲ್ಲಿ ನೆಲೆಸಿರುವ ತಂಗಿ ಲಂಡನ್‌ನಿಂದ ಹಾಕಬಹುದು, ನೋಡಲು ಬಂದ ಅಪ್ಪ-ಅಮ್ಮ ಹಾಗೆ ಮಾಡಲಾಗದು. ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿಗೆ ಅವಕಾಶ ಇದೆ, ಕೊನೆಯ ಗಡುವು ಹದಿನೈದು ದಿನ ಮೊದಲು. ಆ ಗಡುವನ್ನು ನಂಬಿ ಕೂರಬೇಡಿ. ಬೇಸಿಗೆಯಲ್ಲಿ ಅರ್ಜಿ ಕೇಂದ್ರದ ಅಪಾಯಿಂಟ್‌ಮೆಂಟ್ ಸಿಗುವುದೇ ಒಂದು ಪಾಡು. ದೊಡ್ಡವರಿಗೆ ಶುಲ್ಕ 90 ಯೂರೋ. 30,000 ಯೂರೋ ತನಕ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಪಾಸ್‌ಪೋರ್ಟು ಹತ್ತು ವರ್ಷದ ಒಳಗಿನದಾಗಿರಬೇಕು, ಪ್ಯಾರಿಸ್ ಬಿಟ್ಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು.

ಎಲ್ಲರೂ ಎರಡು ವೀಸಾಗಳನ್ನು ಒಂದರ ಹಿಂದೆ ಒಂದು ಮಾಡಿಸಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ಒಂದು ಕಡೆ ಸಿಕ್ಕಿಹಾಕಿಕೊಂಡರೆ ಇನ್ನೊಂದು ಕಡೆ ಹಾಕಲು ಆಗುವುದಿಲ್ಲ. ನಾಲ್ಕು ತಿಂಗಳು ಕೈಯಲ್ಲಿಟ್ಟುಕೊಂಡು ಶುರು ಮಾಡಿ.

2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಇನ್ನೊಂದು ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಹೋದ-ಬಂದ ವಿವರವನ್ನು ಕಂಪ್ಯೂಟರಿನಲ್ಲಿ ದಾಖಲಿಸುವುದು, ಮೊದಲ ಸಲ ಮುಖದ ಫೋಟೋ ತೆಗೆಯುವುದು. ವೀಸಾ ಇದ್ದವರ ಬೆರಳಚ್ಚು ಅರ್ಜಿಯ ಹೊತ್ತಿಗೇ ಕೊಟ್ಟಾಗಿರುತ್ತದೆ. ಇದಕ್ಕೆ ಹೆದರಬೇಕಾದ್ದಿಲ್ಲ, ಹೊತ್ತು ಹಿಡಿಯುತ್ತದೆ ಅಷ್ಟೇ. ಗಾಡಿ ಹೊರಡುವ ಮೂವತ್ತು ನಿಮಿಷ ಮೊದಲು ಗೇಟು ಮುಚ್ಚುತ್ತದೆ, ಆಮೇಲೆ ಯಾರು ಹೇಳಿದರೂ ತೆರೆಯುವುದಿಲ್ಲ. ಬೆಂಗಳೂರು ಸ್ಟೇಷನ್ನಿನಲ್ಲಿ ಓಡಿಹೋಗಿ ಕೊನೆಯ ಬೋಗಿ ಹತ್ತಿದ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು. ಗಾಡಿ ಹೊರಡುವುದಕ್ಕೆ ಒಂದೂವರೆ ಗಂಟೆ ಮೊದಲು ಸ್ಟೇಷನ್ನಿನಲ್ಲಿರಿ. ತಾಯಿಯವರಿಗೆ ವೀಲ್‌ಚೇರ್ ಸಹಾಯ ಬೇಕಿದ್ದರೆ ಅದಕ್ಕೆ ದುಡ್ಡಿಲ್ಲ, ಟಿಕೆಟ್ ಆದ ಕೂಡಲೇ ತಿಳಿಸಿಡಬೇಕು. ತಿಳಿಸಿಡಿ, ಸಂಕೋಚ ಬೇಡ. ನಮ್ಮ ಹಿರಿಯರು 'ನಾನು ನಡೀತೀನಿ' ಅಂದು ಆಮೇಲೆ ಪ್ಯಾರಿಸ್‌ನ ಮೊದಲ ದಿನವನ್ನೇ ಹೋಟೆಲಿನ ಮಂಚದ ಮೇಲೆ ಕಳೆಯುವುದನ್ನು ನೋಡಿದ್ದೇನೆ.

ಕಾಯುವ ಆ ಹೊತ್ತಿನಲ್ಲಿ ತಂದೆಯವರಿಗೆ ಸುತ್ತ ನೋಡಲು ಹೇಳಿ. ಪ್ರಯಾಣಿಕರು ಕೂರುವ ಆ ಜಾಗ ಇರುವುದು ಪ್ಲಾಟ್‌ಫಾರ್ಮುಗಳ ಕೆಳಗೆ. ಸ್ಟೇಷನ್ ಕಟ್ಟಿದ್ದು 1868ರಲ್ಲಿ. ಬರ್ಟನ್ ಊರಿನಿಂದ ರೈಲಿನಲ್ಲಿ ಬರುತ್ತಿದ್ದ ಬಿಯರ್ ಪೀಪಾಯಿಗಳನ್ನು ಇಡುವ ಉಗ್ರಾಣ ಇದು. ಎಷ್ಟು ಪೀಪಾಯಿ ಸಾಲಾಗಿ ಕೂರುತ್ತವೆ ಎಂಬ ಲೆಕ್ಕದಲ್ಲೇ ಕಬ್ಬಿಣದ ಕಂಬಗಳ ನಡುವಿನ ಅಂತರ ಗೊತ್ತುಮಾಡಿದ್ದರು. ಮೇಲೆ ಹೋದರೆ ಎಂಜಿನಿಯರ್ ವಿಲಿಯಂ ಬಾರ್ಲೋ ಕಟ್ಟಿದ ಚಾವಣಿ, ನಡುವೆ ಒಂದೇ ಒಂದು ಕಂಬವಿಲ್ಲದೆ 73 ಮೀಟರ್ ಅಗಲಕ್ಕೆ ಕಮಾನು ಹಾಕಿದ್ದು. 1960ರ ದಶಕದಲ್ಲಿ ಇದನ್ನೆಲ್ಲ ಕೆಡವುವ ಮಾತಾಗಿತ್ತು. ಉಳಿಸಿ ಎಂದು ಹೋರಾಡಿದವರಲ್ಲಿ ಕವಿ ಜಾನ್ ಬೆಟ್ಜಮನ್ ಮುಂಚೂಣಿಯಲ್ಲಿದ್ದರು. ಟೋಪಿ ಹಿಡಿದುಕೊಂಡು ಚಾವಣಿ ನೋಡುತ್ತಿರುವ ಅವರ ಪ್ರತಿಮೆ ಮೇಲಿನ ಅಂತಸ್ತಿನಲ್ಲೇ ಇದೆ. ಗೇಟಿನೊಳಗೆ ಹೋಗುವ ಮೊದಲೇ ನೋಡಿಕೊಂಡುಬಿಡಿ.

ಟಿಕೆಟ್ ವಿಚಾರ ಉದ್ದ ಎಳೆಯುವುದಿಲ್ಲ. ಮುಂಚೆ ತೆಗೆದಷ್ಟೂ ಅಗ್ಗ. ತಿಂಗಳುಗಟ್ಟಲೆ ಮೊದಲು ನೋಡಿದರೆ ಒಂದು ಕಡೆಗೆ ತಲೆಗೆ ಐವತ್ತು ಪೌಂಡಿನ ಆಸುಪಾಸು ಸಿಗುತ್ತದೆ, ಹೊರಡುವ ವಾರ ಅದೇ ಸೀಟು ಇನ್ನೂರು ದಾಟಿರುತ್ತದೆ. ಮಂಗಳವಾರ, ಬುಧವಾರದ ಮಧ್ಯಾಹ್ನದ ಗಾಡಿಗಳು ಸಾಮಾನ್ಯವಾಗಿ ಅಗ್ಗ. ವೀಸಾ ಕೈಗೆ ಬರುವ ಮೊದಲೇ ತೆಗೆಯುವುದೋ ಬೇಡವೋ ಎಂದು ಕೇಳುತ್ತೀರಿ. ಹೊರಡುವ ಒಂದು ಗಂಟೆ ಮೊದಲಿನವರೆಗೂ ದಿನ, ಗಾಡಿ ಬದಲಿಸಲು ಶುಲ್ಕ ಇಲ್ಲ, ದರದ ವ್ಯತ್ಯಾಸ ಮಾತ್ರ ಕಟ್ಟಬೇಕು. ಹಾಗಾಗಿ ಧೈರ್ಯವಾಗಿ ತೆಗೆಯಿರಿ. ಮೂರು ದರ್ಜೆಗಳಲ್ಲಿ ನಿಮಗೆ ಕೆಳಗಿನ ಸ್ಟ್ಯಾಂಡರ್ಡ್ ಸಾಕು, ನಮ್ಮ ಚೇರ್ ಕಾರಿಗಿಂತ ಚೆನ್ನಾಗಿಯೇ ಇರುತ್ತದೆ. ಹೆಸರು ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ. ನಮ್ಮ ಹಿರಿಯರ ಪಾಸ್‌ಪೋರ್ಟುಗಳಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುವುದೇ ಹೆಚ್ಚು. ಅಂಥವರಿಗೆ ಎರಡೂ ಕಡೆ ಅದೇ ಹೆಸರು ತುಂಬಿಸುವುದು ನನ್ನ ರೂಢಿ.

ಸೀಟು ಆರಿಸುವಾಗ ಒಂದು ಮಾತು. ಈ ಗಾಡಿ 400 ಮೀಟರ್ ಉದ್ದ, ಹದಿನಾರು ಬೋಗಿ, ಸುಮಾರು ಒಂಬೈನೂರು ಸೀಟು. ಜಗತ್ತಿನ ಅತಿ ಉದ್ದದ, 1,507 ಮೀಟರಿನ ಪ್ಲಾಟ್‌ಫಾರ್ಮ್ ಇರುವ ಹುಬ್ಬಳ್ಳಿಯಿಂದ ಬಂದ ತಂದೆಯವರಿಗೆ ಇದು ದೊಡ್ಡದಲ್ಲ. ಆದರೆ ನೋಯುವ ಮೊಣಕಾಲಿಗೆ ತುದಿಯ ಬೋಗಿ ದೂರ. ನಡುವಿನ ಬೋಗಿಗಳಲ್ಲಿ ಸೀಟು ಹಿಡಿಯಿರಿ. ಕೆಲವು ಸೀಟುಗಳ ಪಕ್ಕ ಕಿಟಕಿಯ ಬದಲು ಗೋಡೆ ಬರುತ್ತದೆ. ಟಿಕೆಟ್ ಮಾಡುವಾಗ ನಕ್ಷೆ ನೋಡಿ ತಂದೆಯವರಿಗೆ ಒಳ್ಳೆಯ ಕಿಟಕಿ ಹುಡುಕಿ.

ಲಗೇಜಿಗೆ ತೂಕದ ಮಿತಿ ಇಲ್ಲ. ತಲೆಗೆ 85 ಸೆಂ.ಮೀ. ಉದ್ದದೊಳಗಿನ ಎರಡು ಪೆಟ್ಟಿಗೆ, ಒಂದು ಕೈಚೀಲ. ಆದರೆ ಅದನ್ನು ಬೋಗಿಯ ಮೆಟ್ಟಿಲು ಹತ್ತಿಸಿ ಇಡಬೇಕಾದವರು ನೀವೇ, ಕೂಲಿ ಸಿಗುವುದಿಲ್ಲ. ದೊಡ್ಡ ಸೂಟ್‌ಕೇಸುಗಳನ್ನು ತಂಗಿಯ ಮನೆಯಲ್ಲೇ ಬಿಟ್ಟು ಹೋಗಿ. ನೀರಿನ ಬಾಟಲಿ, ಔಷಧದ ಶೀಷೆ, ಕೊಬ್ಬರಿ ಎಣ್ಣೆ ಇವಕ್ಕೆ ವಿಮಾನದಂತೆ ನೂರು ಮಿಲಿಲೀಟರಿನ ಕಟ್ಟುಪಾಡು ಇಲ್ಲ. ಅಡುಗೆ ಚಾಕು ಬಿಡುವುದಿಲ್ಲ.

ಊಟದ ಬುತ್ತಿ ಖಂಡಿತ ಕಟ್ಟಿಕೊಳ್ಳಿ. ಗಾಡಿಯ ಕ್ಯಾಂಟೀನಿನಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಬಹಳ ಕಡಿಮೆ. ಆದರೆ ಇಲ್ಲೊಂದು ತೊಡಕು ಇದೆ, ನಮ್ಮವರು ಇದರಲ್ಲಿ ಬೇಸರ ಮಾಡಿಕೊಳ್ಳುತ್ತಾರೆ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ, ಅಲ್ಲಿಂದ ಫ್ರಾನ್ಸಿಗೆ ಹೋಗುವವರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಒಯ್ಯುವಂತಿಲ್ಲ. ಅಂದರೆ ಪ್ರಯಾಣಕ್ಕೆಂದೇ ನಾವು ಕಟ್ಟುವ ಮೊಸರನ್ನ ಆಗದು. ತುಪ್ಪದ ಡಬ್ಬಿ, ಪನೀರ್ ಪಲ್ಯವೂ ಆಗದು. ಪುಳಿಯೋಗರೆ, ಎಣ್ಣೆ ಹಾಕಿ ಬೇಯಿಸಿದ ಚಪಾತಿ, ಚಟ್ನಿಪುಡಿ, ಅವಲಕ್ಕಿ ಚೂಡಾ ಧಾರಾಳವಾಗಿ ಆಗುತ್ತದೆ. ಹಸಿ ಹಣ್ಣು-ತರಕಾರಿಗೂ ಪ್ರಮಾಣಪತ್ರ ಕೇಳುತ್ತಾರೆ, ಬಾಳೆಹಣ್ಣು ಮತ್ತು ತೆಂಗಿನಕಾಯಿಗೆ ರಿಯಾಯಿತಿ ಇದೆ. ತಾಯಿಯವರಿಗೆ ಇದನ್ನು ಮೊದಲೇ ಹೇಳಿಡಿ. ಬೆಳಗ್ಗೆ ಐದಕ್ಕೆ ಎದ್ದು ಕಲಸಿದ ಮೊಸರನ್ನವನ್ನು ಗೇಟಿನ ಈಚೆಗೇ ತಿಂದು ಮುಗಿಸಬೇಕಾಗಿ ಬಂದರೆ ಅವರಿಗೆ ಸಂಕಟವಾಗುತ್ತದೆ.

ಈಗ ಸುರಂಗ. ಇದನ್ನು ತಾಯಿಯವರಿಗೆ ಓದಿ ಹೇಳಿ.

ಅಮ್ಮ, ಅದು ನೀರಿನೊಳಗೆ ಇಳಿಬಿಟ್ಟ ಕೊಳವೆ ಅಲ್ಲ. ಸಮುದ್ರದ ನೀರು, ಅದರ ಕೆಳಗೆ ಸಮುದ್ರದ ನೆಲ, ಆ ನೆಲದಿಂದಲೂ ಸರಾಸರಿ ನಲವತ್ತು ಮೀಟರ್ ಕೆಳಗೆ ಕಲ್ಲಿನೊಳಗೆ ಕೊರೆದ ದಾರಿ. ಆ ಕಲ್ಲು ಜೇಡಿ ಬೆರೆತ ಸುಣ್ಣಕಲ್ಲು. ಕೊರೆಯಲು ಮೆತ್ತಗೆ, ನೀರು ಜಿನುಗಲು ಬಿಡದಷ್ಟು ಬಿಗಿ. ಆ ಪದರ ಎತ್ತ ಹೋಗುತ್ತದೋ ಅದರ ಬೆನ್ನು ಹಿಡಿದೇ ಎಂಜಿನಿಯರುಗಳು ದಾರಿ ಕೊರೆದರು. ಒಟ್ಟು ಉದ್ದ 50 ಕಿ.ಮೀ. ಚಿಲ್ಲರೆ, ಅದರಲ್ಲಿ ಸುಮಾರು 38 ಕಿ.ಮೀ. ಸಮುದ್ರದ ಅಡಿ.

ಇನ್ನೊಂದು ವಿಷಯ ತಿಳಿದರೆ ಭಯ ಅರ್ಧ ಇಳಿಯುತ್ತದೆ. ಅಲ್ಲಿರುವುದು ಒಂದು ಸುರಂಗವಲ್ಲ, ಮೂರು. ಹೋಗುವ ಗಾಡಿಗೆ ಒಂದು, ಬರುವ ಗಾಡಿಗೆ ಇನ್ನೊಂದು, ಎದುರುಬದುರು ಬರುವ ಮಾತೇ ಇಲ್ಲ. ಎರಡರ ನಡುವೆ ಮೂರನೆಯದು ಸಣ್ಣದು, ಜನರನ್ನು ಕಾಪಾಡಲಿಕ್ಕೆ ಮತ್ತು ರಿಪೇರಿ ಕೆಲಸಕ್ಕೆ. ಪ್ರತಿ 375 ಮೀಟರಿಗೆ ಒಂದು ಅಡ್ಡ ಬಾಗಿಲು ಆ ನಡುವಿನ ಸುರಂಗಕ್ಕೆ ತೆರೆಯುತ್ತದೆ. ಅಲ್ಲಿ ಗಾಳಿಯ ಒತ್ತಡವನ್ನು ಹೆಚ್ಚಿಗೆ ಇಟ್ಟಿರುತ್ತಾರೆ, ಆದ್ದರಿಂದ ಪಕ್ಕದಲ್ಲಿ ಹೊಗೆಯಾದರೂ ಅಲ್ಲಿಗೆ ನುಗ್ಗುವುದಿಲ್ಲ. 1996ರಲ್ಲೂ 2008ರಲ್ಲೂ ಲಾರಿಗಳನ್ನು ಹೊತ್ತೊಯ್ಯುವ ಗಾಡಿಗಳಿಗೆ ಬೆಂಕಿ ಬಿದ್ದಿತ್ತು. ಎರಡು ಸಲವೂ ಜನ ಆ ನಡುವಿನ ಸುರಂಗದ ಮೂಲಕವೇ ಪಾರಾದರು, ಒಬ್ಬರೂ ಸಾಯಲಿಲ್ಲ. 2009ರ ಡಿಸೆಂಬರಿನಲ್ಲಿ ಐದು ಗಾಡಿಗಳು ರಾತ್ರಿಯಿಡೀ ಒಳಗೆ ನಿಂತುಹೋದದ್ದೂ ಉಂಟು. ಹೊರಗೆ ಹಿಟ್ಟಿನಂಥ ಹಿಮ, ಒಳಗೆ ಬೆಚ್ಚಗಿನ ಹವೆ. ಎಂಜಿನ್ನಿನೊಳಗೆ ಸೇರಿದ್ದ ಹಿಮ ಕರಗಿ ವಿದ್ಯುತ್ ಭಾಗಗಳು ಕೆಟ್ಟವು. ಆ ಜನ ಪಟ್ಟ ಪಾಡು ಸಣ್ಣದಲ್ಲ. ಆಮೇಲೆ ಗಾಡಿಗಳಿಗೆ ಹಿಮ ತಡೆಯುವ ಏರ್ಪಾಡು ಗಟ್ಟಿ ಮಾಡಿದರು. ನೀವು ಹೋಗುವುದು ಬೇಸಿಗೆಯಲ್ಲಿ, ಆ ತೊಂದರೆ ನಿಮಗಿಲ್ಲ.

ಮತ್ತೊಂದು ಗುಟ್ಟು. ಲಂಡನ್ ಬಿಟ್ಟ ಕೂಡಲೇ ಕಿಟಕಿ ಕತ್ತಲಾಗುತ್ತದೆ. 'ಬಂತು ಸಮುದ್ರ' ಎಂದು ಎಲ್ಲರೂ ಸೀಟು ಬಿಗಿಹಿಡಿಯುತ್ತಾರೆ. ಅದು ಸಮುದ್ರವಲ್ಲ, ಲಂಡನ್ ಊರಿನ ಕೆಳಗಿನ ಸುರಂಗ. ಅದಾದ ಮೇಲೆ ಥೇಮ್ಸ್ ನದಿಯ ಅಡಿ ಒಂದು, ಕೆಂಟ್ ಗುಡ್ಡಗಳ ಕೆಳಗೆ ಇನ್ನೊಂದು. ಸಮುದ್ರದ್ದು ಬರುವುದು ಹೊರಟು ಅರ್ಧ ಗಂಟೆಯಾದ ಮೇಲೆ. ಎತ್ತರದ ಬೇಲಿಗಳು, ಸಾಲುಸಾಲು ಹಳಿಗಳು, ಲಾರಿ-ಕಾರುಗಳು ಕಾದು ನಿಂತ ದೊಡ್ಡ ಅಂಗಳ ಕಂಡರೆ ಅದು ಫೋಕ್‌ಸ್ಟನ್. ಗಾಡಿ ವೇಗ ತಗ್ಗಿಸುತ್ತದೆ, ಕಿಟಕಿಯಲ್ಲಿ ನಿಮ್ಮ ಮುಖವೇ ಕಾಣತೊಡಗುತ್ತದೆ, ಕಿವಿಯಲ್ಲಿ ಸ್ವಲ್ಪ ಒತ್ತಿದಂತಾಗುತ್ತದೆ. ಒಂದು ಏಲಕ್ಕಿಯನ್ನೋ ಪೆಪ್ಪರ್‌ಮೆಂಟನ್ನೋ ಬಾಯಿಗೆ ಹಾಕಿಕೊಳ್ಳಿ. ಇಪ್ಪತ್ತು ನಿಮಿಷ. ಒಂದು ಚಪಾತಿ ತಿಂದು, ನೀರು ಕುಡಿದು, ಡಬ್ಬಿ ಮುಚ್ಚುವ ಹೊತ್ತಿಗೆ ಬೆಳಕು ಬಂದಿರುತ್ತದೆ.

ಇನ್ನು ತಂದೆಯವರಿಗೆ. ಅವರು ಕಿಟಕಿಯಲ್ಲಿ ಸಿಗ್ನಲ್ ಕಂಬ ಹುಡುಕುತ್ತಾರೆ, ನನಗೆ ಗೊತ್ತು. ಹೈಸ್ಪೀಡ್ ಹಳಿಯ ಮೇಲೆ ಕೆಂಪು-ಹಸಿರು ದೀಪದ ಕಂಬ ಇರುವುದಿಲ್ಲ. ಗಂಟೆಗೆ 300 ಕಿ.ಮೀ. ಓಡುವ ಗಾಡಿ ನಿಲ್ಲಲು ಮೂರು ಕಿ.ಮೀ.ಗಿಂತ ಹೆಚ್ಚು ಬೇಕು. ಕಂಬ ನೋಡಿ ಬ್ರೇಕ್ ಹಾಕುವ ಕಾಲ ಅಲ್ಲಿಗೇ ಮುಗಿಯಿತು. ಹಳಿಯ ಮೂಲಕವೇ ಸಂಕೇತ ಹೋಗಿ ಡ್ರೈವರನ ಎದುರಿಗಿನ ಫಲಕದಲ್ಲಿ 'ಈಗ ಇಷ್ಟೇ ವೇಗ' ಎಂಬ ಅಂಕಿ ಮೂಡುತ್ತದೆ. ಡ್ರೈವರ್ ಮೀರಿದರೆ ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಈ ವ್ಯವಸ್ಥೆಯ ಹೆಸರು ಟಿವಿಎಂ-430. ಹಳಿ ಪಕ್ಕದಲ್ಲಿ ಅಲ್ಲಲ್ಲಿ ನೀಲಿ ಫಲಕದ ಮೇಲೆ ಹಳದಿ ತ್ರಿಕೋನ ಕಾಣುತ್ತದೆ. ಅದು ಬ್ಲಾಕ್ ಸೆಕ್ಷನ್ನಿನ, ಅಂದರೆ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕಾದ ಹಳಿಯ ತುಂಡಿನ, ಗುರುತು. ಈ ವೇಗದಲ್ಲಿ ಅದನ್ನು ಕಣ್ಣಿಗೆ ಹಿಡಿಯಲು ಅವರಂಥ ಅನುಭವಿಗಳೇ ಬೇಕು. ಭಾರತೀಯ ರೈಲ್ವೆ 2022ರಲ್ಲಿ ಗಾರ್ಡ್ ಎಂಬ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೆಸರಿಟ್ಟಿತಲ್ಲ, ಈ ಗಾಡಿಯಲ್ಲೂ ಆ ಅಧಿಕಾರಿಗೆ ಅದೇ ಹೆಸರು. ದಾರಿಯಲ್ಲಿ ಸಿಕ್ಕರೆ 'ನಾನೂ ಅದೇ ಕೆಲಸದಲ್ಲಿದ್ದೆ' ಎಂದು ಹೇಳಲಿ. ರೈಲ್ವೆಯವರು ಎಲ್ಲೇ ಇರಲಿ, ಒಬ್ಬರನ್ನೊಬ್ಬರು ಮಾತಾಡಿಸದೆ ಬಿಡುವುದಿಲ್ಲ.

ಈ ಗಾಡಿ ಶುರುವಾದದ್ದು 1994ರ ನವೆಂಬರ್ 14ಕ್ಕೆ. ಆಗ ಹೊರಡುತ್ತಿದ್ದದ್ದು ವಾಟರ್‌ಲೂ ಸ್ಟೇಷನ್ನಿನಿಂದ. ಥೇಮ್ಸ್ ದಡದಲ್ಲಿ 2015ರಲ್ಲಿ ನಿಲ್ಲಿಸಿದ ನಮ್ಮ ಬಸವಣ್ಣನ ಪ್ರತಿಮೆಯಿಂದ ಅಲ್ಲಿಗೆ ನಡೆದು ಹೋಗಬಹುದು, ಲಂಡನ್ ಸುತ್ತುವ ದಿನ ಎರಡನ್ನೂ ನೋಡಿ ಬನ್ನಿ. ಮೊದಮೊದಲು ಫ್ರಾನ್ಸಿನಲ್ಲಿ 300ರ ವೇಗದಲ್ಲಿ ಓಡಿದ ಗಾಡಿ ಇಂಗ್ಲೆಂಡಿನಲ್ಲಿ ಲೋಕಲ್ ಗಾಡಿಗಳ ಹಳೇ ಹಳಿಯ ಮೇಲೆ, ಹಳಿ ಪಕ್ಕದ ವಿದ್ಯುತ್ ಕಂಬಿಯಿಂದ 750 ವೋಲ್ಟ್ ಹೀರಿಕೊಂಡು ನಿಧಾನ ಸಾಗುತ್ತಿತ್ತು. ಪ್ರಯಾಣಕ್ಕೆ ಮೂರು ಗಂಟೆ. ಫ್ರೆಂಚ್ ಅಧ್ಯಕ್ಷ ಮಿತ್ತರಾಂ ಇದನ್ನೇ ಹಿಡಿದು ಛೇಡಿಸಿದ್ದರು: ನಮ್ಮ ಬಯಲಲ್ಲಿ ಹಾರಿ ಬಂದವರು ಇಂಗ್ಲೆಂಡಿನಲ್ಲಿ ಹಳ್ಳಿಗಾಡು ನೋಡಿಕೊಂಡು ಆರಾಮವಾಗಿ ಹೋಗಬಹುದು ಎಂಬರ್ಥದಲ್ಲಿ. ಆ ಮಾತು ನಾಟಿರಬೇಕು. ಲಂಡನ್ನಿನಿಂದ ಸುರಂಗದವರೆಗೆ 108 ಕಿ.ಮೀ. ಹೊಸ ಹಳಿ ಹಾಕಿ, 2007ರ ನವೆಂಬರ್ 14ಕ್ಕೆ ಸೇಂಟ್ ಪ್ಯಾಂಕ್ರಸ್‌ಗೆ ಸ್ಥಳಾಂತರಿಸಿದರು. ನಲವತ್ತು ನಿಮಿಷಕ್ಕೂ ಹೆಚ್ಚು ಉಳಿತಾಯವಾಯಿತು.

ದೃಶ್ಯದ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಸಕಲೇಶಪುರದ ಘಾಟಿ ನೋಡಿದವರಿಗೆ ಉತ್ತರ ಫ್ರಾನ್ಸ್ ಸಪಾಟು ಬಯಲು: ಗೋಧಿ, ಬೀಟ್ ಹೊಲ, ದೂರದಲ್ಲಿ ಚರ್ಚಿನ ಗೋಪುರ. ಆದರೆ ಲೀಲ್ ಪಟ್ಟಣ ಹತ್ತಿರವಾಗುವಾಗ ತಂದೆಯವರಿಗೆ ಒಂದು ವಿಷಯ ಹೇಳಿ. ಈ ಬಯಲಲ್ಲೇ, ಅಲ್ಲಿಂದ ಸ್ವಲ್ಪ ದೂರದ ನ್ಯೂವ್ ಶಾಪೆಲ್ ಎಂಬ ಹಳ್ಳಿಯಲ್ಲಿ, 1915ರಲ್ಲಿ ಭಾರತದ ಸೈನಿಕರು ಕಾದಿ ಸತ್ತರು. ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಮಂದಿಯ ಹೆಸರು ಕೆತ್ತಿದ ಸ್ಮಾರಕ ಅಲ್ಲಿದೆ. ಗಾಡಿಯಿಂದ ಕಾಣುವುದಿಲ್ಲ, ಆದರೂ ಆ ನೆಲ ದಾಟುವಾಗ ಗೊತ್ತಿರಲಿ.

ಹಿಂದಿರುಗುವ ಬಗ್ಗೆ ನನ್ನ ಸಲಹೆ ಒಂದಿದೆ. ತಂಗಿಯ ಮನೆಗೆ ಮರಳುವ ಅಗತ್ಯ ಇಲ್ಲದಿದ್ದರೆ ಬೆಂಗಳೂರಿನಿಂದ ಲಂಡನ್‌ಗೆ ಹೋಗಿ, ಪ್ಯಾರಿಸ್‌ನಿಂದ ಬೆಂಗಳೂರಿಗೆ ಮರಳುವ ವಿಮಾನ ಟಿಕೆಟ್ ಕೇಳಿ ನೋಡಿ. ಪ್ಯಾರಿಸ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ಒಂದು ಕಡೆಯ ರೈಲಿನ ದುಡ್ಡೂ ಉಳಿಯುತ್ತದೆ. ಹಾಗಾದರೆ ದೊಡ್ಡ ಸೂಟ್‌ಕೇಸ್ ಬಿಟ್ಟುಹೋಗುವ ನನ್ನ ಮೊದಲಿನ ಮಾತು ನಡೆಯುವುದಿಲ್ಲ, ಅದನ್ನು ತೂಗಿ ನೋಡಿ. ಲಂಡನ್‌ಗೇ ಮರಳುವುದಾದರೆ ಎರಡು ವಿಷಯ: ಬ್ರಿಟನ್ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಇದೆಯೇ ನೋಡಿಕೊಳ್ಳಿ, ರೈಲಿಳಿದ ದಿನವೇ ಬೆಂಗಳೂರಿನ ವಿಮಾನ ಇಟ್ಟುಕೊಳ್ಳಬೇಡಿ. ಗಾರ್ ದು ನೋರ್‌ನಲ್ಲಿ ಬ್ರಿಟಿಷ್ ಅಧಿಕಾರಿ ಎಲ್ಲಿ ಇರುತ್ತೀರಿ, ಯಾವಾಗ ಊರಿಗೆ ಹೋಗುತ್ತೀರಿ ಎಂದು ಕೇಳುತ್ತಾರೆ. ತಂಗಿಯ ಮನೆ ವಿಳಾಸ, ಹಿಂದಿರುಗುವ ಟಿಕೆಟ್ ಕೈಯಲ್ಲಿರಲಿ. ತಂಗಿಗೆಂದು ಪ್ಯಾರಿಸ್ ಚೀಸ್ ತರಬೇಡಿ. 2025ರ ಏಪ್ರಿಲ್‌ನಿಂದ ಆ ಕಡೆಯಿಂದಲೂ ಹಾಲಿನ ಪದಾರ್ಥ ನಿಷಿದ್ಧ.

ಪ್ಯಾರಿಸ್‌ನಲ್ಲಿ ಇಳಿದ ಕೂಡಲೇ ಗಡಿಯಾರ ಒಂದು ಗಂಟೆ ಮುಂದಿಡಿ. ಹೊರಗೆ 'ಟ್ಯಾಕ್ಸಿ, ಟ್ಯಾಕ್ಸಿ' ಎಂದು ಹತ್ತಿರ ಬರುವವರ ಹಿಂದೆ ಹೋಗಬೇಡಿ, ಫಲಕ ಹಾಕಿದ ಟ್ಯಾಕ್ಸಿ ಸಾಲಿನಲ್ಲೇ ನಿಲ್ಲಿ. ಕಾಗದ ಹಿಡಿದು ಸಹಿ ಕೇಳುವ ಹುಡುಗ-ಹುಡುಗಿಯರು ಬಂದರೆ ನಿಲ್ಲಬೇಡಿ. ಒಬ್ಬರು ಮಾತಾಡಿಸುವಾಗ ಇನ್ನೊಬ್ಬರ ಕೈ ಚೀಲದಲ್ಲಿರುತ್ತದೆ. ಪಾಸ್‌ಪೋರ್ಟುಗಳು ತಾಯಿಯವರ ಸೊಂಟದ ಚೀಲದಲ್ಲಿರಲಿ, ಅದಕ್ಕಿಂತ ಭದ್ರ ಜಾಗ ಇನ್ನೊಂದಿಲ್ಲ.

ಅಲ್ಲಿಂದ ಊಟಕ್ಕೆ ಎಲ್ಲಿಗೆ ಅಂತ ಕೇಳಿದ್ದೀರಿ. ಗಾರ್ ದು ನೋರ್‌ನ ಪೂರ್ವ ಮಗ್ಗುಲಲ್ಲಿ ಫೋಬೂರ್ ಸಾಂ ದನಿ ಎಂಬ ರಸ್ತೆ ಇದೆ. ಅದರಲ್ಲಿ ಉತ್ತರಕ್ಕೆ ಲಾ ಶಾಪೆಲ್ ಕಡೆ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ಶ್ರೀಲಂಕಾದ ತಮಿಳರು ನೆಲೆಸಿದ ಬೀದಿ ಅದು. ಬಾಳೆಲೆ, ಕರಿಬೇವು, ನುಗ್ಗೆಕಾಯಿ ಜೋಡಿಸಿಟ್ಟ ಅಂಗಡಿಗಳು, ಕಿಟಕಿಯಲ್ಲಿ ವಡೆ ಪೇರಿಸಿದ ಹೋಟೆಲುಗಳು, ಇಡ್ಲಿ, ದೋಸೆ, ಸಾಂಬಾರ್. ಸ್ವಲ್ಪ ಮುಂದೆ ಪಜೋಲ್ ರಸ್ತೆಯಲ್ಲಿ ಮಾಣಿಕ್ಕ ವಿನಾಯಕರ್ ದೇವಸ್ಥಾನ ಇದೆ. ಆಗಸ್ಟ್ ಕೊನೆಯ ಹೊತ್ತಿಗೆ ಹೋದರೆ ಗಣಪನ ತೇರೂ ಸಿಗಬಹುದು. ಬಡಿಸುವವರಿಗೆ ಕನ್ನಡ ಬಾರದಿದ್ದರೂ, ತಾಯಿಯವರು 'ಮೊಸರು' ಎನ್ನುವ ಬದಲು 'ತಯಿರ್' ಅಂದರೆ ಒಂದು ಬಟ್ಟಲು ತಂದಿಡುತ್ತಾರೆ.